ದೊಡ್ಡ ಡಿಕ್ಕಿ, ಜೋರು ಓಟ: ಸ್ಪೋರ್ಟ್ಸ್ ಕಾರಾಗುವ ಸ್ಟೇಷನ್ ವ್ಯಾಗನ್

ಸ್ಟೇಷನ್ ವ್ಯಾಗನ್ನಿಗೆ ಸೆಡಾನ್ ಕಾರಿನದೇ ತಳ, ಅದೇ ಎಂಜಿನ್, ಸಾಮಾನ್ಯವಾಗಿ ಮುಂಭಾಗವೂ ಅದೇ. ವ್ಯತ್ಯಾಸವೆಲ್ಲ ಬೆನ್ನಿನಲ್ಲಿ. ಸೆಡಾನಿನಲ್ಲಿ ಹಿಂದಿನ ಸೀಟಿನಾಚೆ ಇಳಿದುಬಿಡುವ ಚಾವಣಿ ಇಲ್ಲಿ ಹಿಂದಿನ ಬಂಪರ್‌ವರೆಗೂ ಮಟ್ಟಸವಾಗಿ ಸಾಗುತ್ತದೆ. ಬೇರೆ ಡಿಕ್ಕಿಯ ಬದಲು ಮೇಲಕ್ಕೆ ತೆರೆಯುವ ದೊಡ್ಡ ಬಾಗಿಲಿರುತ್ತದೆ. ಹಿಂದಿನ ಸೀಟು ಮಡಿಸಿದರೆ ಸಾಮಾನು ಹೇರಲು ಉದ್ದನೆಯ ಒಂದೇ ಜಾಗ ಸಿಗುತ್ತದೆ. ಅಮೆರಿಕ, ಯುರೋಪ್, ಜಪಾನುಗಳಲ್ಲಿ ಇದು ಬಹುಕಾಲ ಸಂಸಾರವಂದಿಗರ, ಊರೂರು ತಿರುಗುವ ವ್ಯಾಪಾರಿಗಳ, ನಾಯಿ ಸಾಕಿದವರ ಕಾರು. ಸ್ಪೋರ್ಟ್ಸ್ ಕಾರಿನ ಲೆಕ್ಕಾಚಾರವೇ ಬೇರೆ: ಕೂರುವವರು ಇಬ್ಬರೋ ನಾಲ್ವರೋ, ತೂಕ ಕಡಿಮೆ, ಮೈ ನೆಲಕ್ಕೆ ಹತ್ತಿರ, ಉಳಿದುದೆಲ್ಲ ವೇಗಕ್ಕೆ.

ಈ ಎರಡನ್ನೂ ಒಂದೇ ಕಾರಿನಲ್ಲಿ ಕೂಡಿಸುವ ಕೆಲಸಕ್ಕೆ ಏಳು ದಶಕಗಳ ಇತಿಹಾಸವಿದೆ. ಕಾರ್ಖಾನೆಗಳೂ ಮಾಡಿವೆ, ಬೀದಿಬದಿಯ ಗ್ಯಾರೇಜುಗಳೂ ಮಾಡಿವೆ. ಸ್ಪೋರ್ಟ್ಸ್ ಕಾರಿನ ಬಂಪರ್, ಬಾನೆಟ್ ತಂದು ವ್ಯಾಗನ್ನಿಗೆ ಮುಖ ಕಟ್ಟಿದರೆ ನೋಡುವವರು ತಿರುಗಿ ನೋಡುತ್ತಾರೆ. ಆದರೆ ಓಟ, ತಿರುವು, ನಿಲುಗಡೆ ಮೂರೂ ಸರಿಬರುವುದು ತಂದ ಭಾಗಗಳು ಆ ವ್ಯಾಗನ್ನಿಗೆ ಎಷ್ಟು ಹತ್ತಿರದ ಬಳಗದವು ಎಂಬುದರ ಮೇಲೆ. ಬಳಗ ದೂರವಾದಷ್ಟೂ ಕತ್ತರಿಸುವ, ಬೆಸೆಯುವ, ಲೆಕ್ಕ ಹಾಕುವ ಕೆಲಸ ಹೆಚ್ಚುತ್ತದೆ.

ಕಾರ್ಖಾನೆಗಳು ತೋರಿದ ದಾರಿ

ಇಂಥ ಕೂಡಿಕೆಯ ಹೆಸರಾಂತ ಉದಾಹರಣೆಗಳಲ್ಲಿ ಹಳೆಯದು 1954ರದು. ಆ ವರ್ಷದ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟರ್ಸ್ ಕಂಪನಿ ನಡೆಸಿದ ಮೋಟೊರಾಮಾ ಪ್ರದರ್ಶನದಲ್ಲಿ ಕಾರ್ವೆಟ್ ನೋಮ್ಯಾಡ್ ಎಂಬ ಕಾರು ಇತ್ತು. ಅದರ ಹಿಂದಿನ ವರ್ಷವಷ್ಟೇ ಹೊರಬಂದಿದ್ದ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಮುಖ, ಅದಕ್ಕೆ ಹೊಂದುವ ವ್ಯಾಗನ್ ಬೆನ್ನು, ಇಡೀ ಮೈ ಫೈಬರ್ ಗ್ಲಾಸಿನದು. ಕೆಳಗಿದ್ದ ಚಾಸಿ ಮಾತ್ರ ಜನರಲ್ ಮೋಟರ್ಸಿನದೇ ಷೆವ್ರೊಲೆ ವಿಭಾಗದ ಮಾಮೂಲಿ ವ್ಯಾಗನ್ನಿನದು. ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲೆ ಅರ್ಲ್ ಅವರ ತಂಡದ ಈ ಕಾರನ್ನು ಜನ ಮೆಚ್ಚಿದರು. 1955ರಲ್ಲಿ ನೋಮ್ಯಾಡ್ ಮಾರಾಟಕ್ಕೂ ಬಂತು. ಆದರೆ ಆಗ ಕಾರ್ವೆಟ್ ಮುಖ ಉಳಿದಿರಲಿಲ್ಲ. ಸಾಮಾನ್ಯ ಷೆವ್ರೊಲೆ ಕಾರಿನ ಮೈಗೆ ಪ್ರದರ್ಶನದ ಕಾರಿನ ಗೀರುಗಳಿದ್ದ ಚಾವಣಿ, ಓರೆಯಾಗಿ ನಿಂತ ಕಂಬ, ಇಳಿಜಾರಾದ ಹಿಂಬಾಗಿಲುಗಳಷ್ಟೇ ಬಂದವು. ಎರಡೇ ಬಾಗಿಲಿನ ಆ ವ್ಯಾಗನ್ ಬೆಲೆಯಲ್ಲಿ ದುಬಾರಿಯಾಗಿ 1957ರ ಮಾದರಿಯೊಂದಿಗೆ ನಿಂತಿತು. ಸ್ಪೋರ್ಟ್ಸ್ ಕಾರಿನಿಂದ ಅದಕ್ಕೆ ದಕ್ಕಿದ್ದು ನೋಟ ಮಾತ್ರ.

ನೋಟದ ಜೊತೆ ಓಟವನ್ನೂ ತಂದದ್ದು ಜರ್ಮನಿಯ ಔಡಿ ಆರ್‌ಎಸ್2 ಅವಾಂಟ್. 1990ರ ದಶಕದ ಮೊದಲ ವರ್ಷಗಳಲ್ಲಿ ಪೋರ್ಷೆ ಕಂಪನಿಗೆ ಹಣದ ಮುಗ್ಗಟ್ಟು. ಕಾರ್ಖಾನೆಯಲ್ಲಿ ಕೆಲಸಗಾರರಿದ್ದರು, ಕೆಲಸ ಸಾಲದಾಗಿತ್ತು. ಮರ್ಸಿಡಿಸ್ ಕಂಪನಿಯ 500ಇ ಕಾರುಗಳನ್ನು ಜೋಡಿಸಿಕೊಡುತ್ತಿದ್ದ ಸ್ಟುಟ್‌ಗಾರ್ಟಿನ ತ್ಸುಫೆನ್‌ಹೌಸನ್ ಘಟಕಕ್ಕೆ ಔಡಿ ತನ್ನ 80 ಅವಾಂಟ್ ವ್ಯಾಗನ್ನಿನ ಮೈಗಳನ್ನು ಕಳಿಸಿತು. 1994–95ರಲ್ಲಿ ಸುಮಾರು 2,900 ಕಾರುಗಳು ಅಲ್ಲಿಂದ ಹೊರಬಂದವು. ಪೋರ್ಷೆ 911ರ ಕನ್ನಡಿಗಳು, ಮುಂದಿನ ಬಂಪರಿನಲ್ಲಿ ಅದೇ ಕಾರಿನ ಇಂಡಿಕೇಟರ್ ಮತ್ತು ಮಂಜುದೀಪ, ಪೋರ್ಷೆ ವಿನ್ಯಾಸದ 17 ಇಂಚಿನ ಅಲಾಯ್ ಚಕ್ರ, ಅವುಗಳ ಹಿಂದೆ ಕೆಂಪು ಬಣ್ಣದ ನಾಲ್ಕು ಪಿಸ್ಟನ್ನಿನ ಬ್ರೇಕ್ ಕ್ಯಾಲಿಪರ್. ಔಡಿಯ ಐದು ಸಿಲಿಂಡರಿನ 2,226 ಸಿಸಿ ಟರ್ಬೊ ಎಂಜಿನ್ ಎಸ್2 ಕಾರಿನಲ್ಲಿ 230 ಅಶ್ವಶಕ್ತಿ ಕೊಡುತ್ತಿತ್ತು. ಪೋರ್ಷೆಯವರು ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್, ಹೆಚ್ಚು ಗಾಳಿ ತಣಿಸುವ ಇಂಟರ್‌ಕೂಲರ್, ಬೇರೆ ಕ್ಯಾಮ್‌ಶಾಫ್ಟ್ ಹಾಕಿ ಅದನ್ನು 315ಕ್ಕೆ ಏರಿಸಿದರು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತಿದ್ದುದರಿಂದ ಹೊರಡುವಾಗ ಚಕ್ರ ಜಾರುತ್ತಿರಲಿಲ್ಲ. ಬ್ರಿಟನ್ನಿನ ‘ಆಟೋಕಾರ್’ ಪತ್ರಿಕೆ 1995ರಲ್ಲಿ ಓಡಿಸಿ ನೋಡಿದಾಗ ನಿಂತಲ್ಲಿಂದ ಗಂಟೆಗೆ 30 ಮೈಲಿ ಮುಟ್ಟಲು ಈ ವ್ಯಾಗನ್ ತೆಗೆದುಕೊಂಡದ್ದು 1.5 ಸೆಕೆಂಡ್. ಆ ಒಂದು ಅಳತೆಯಲ್ಲಿ ಅದು ಮೆಕ್ಲಾರೆನ್ ಎಫ್1 ಕಾರನ್ನೂ ಹಿಂದೆ ಹಾಕಿತ್ತು.

ರೇಸಿಗೂ ವ್ಯಾಗನ್ ಇಳಿದದ್ದುಂಟು. 1994ರ ಬ್ರಿಟಿಷ್ ಟೂರಿಂಗ್ ಕಾರ್ ಪಂದ್ಯಾವಳಿಗೆ ವೋಲ್ವೊ ತನ್ನ 850 ಎಸ್ಟೇಟ್ (ವ್ಯಾಗನ್) ಕಾರುಗಳನ್ನೇ ಕಳಿಸಿತು. ರಿಕಾರ್ಡ್ ರೈಡೆಲ್ ಮತ್ತು ಯಾನ್ ಲಾಮರ್ಸ್ ಚಾಲಕರು. ಕಾರು ಸಿದ್ಧಪಡಿಸಿದ್ದು ಟಿಡಬ್ಲ್ಯುಆರ್ ತಂಡ. ಒಂದು ರೇಸನ್ನೂ ಅವು ಗೆಲ್ಲಲಿಲ್ಲ, ಆದರೆ ಬೇಲಿಯಾಚೆ ನಿಂತವರೆಲ್ಲ ಆ ಉದ್ದ ಬೆನ್ನಿನ ಕಾರುಗಳನ್ನೇ ನೋಡಿದರು. ಮುಂದಿನ ವರ್ಷ ಹಿಂಬದಿ ರೆಕ್ಕೆ ಕಟ್ಟಲು ನಿಯಮ ಅವಕಾಶ ಕೊಟ್ಟಿತು. ರೆಕ್ಕೆಯ ಲಾಭ ಸೆಡಾನಿಗೇ ಹೆಚ್ಚಾದ್ದರಿಂದ ವೋಲ್ವೊ ಸೆಡಾನಿಗೆ ಬದಲಾಯಿತು.

ಸ್ಟೇಜಿಯಾ ಮತ್ತು ಸ್ಕೈಲೈನ್

ಗ್ಯಾರೇಜಿನಲ್ಲಿ ನಡೆಯುವ ಬದಲಾವಣೆಯನ್ನು ಅರಿಯಲು ಜಪಾನಿನ ನಿಸ್ಸಾನ್ ಸ್ಟೇಜಿಯಾದಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. 1996ರ ಅಕ್ಟೋಬರಿನಲ್ಲಿ ಬಂದ ಈ ವ್ಯಾಗನ್, ನಿಸ್ಸಾನ್ ಕಂಪನಿಯ ಸ್ಕೈಲೈನ್ ಮತ್ತು ಲಾರೆಲ್ ಕಾರುಗಳ ಬಳಗದ್ದು. ಸ್ಕೈಲೈನ್ ಬಳಗದ ತುದಿಯಲ್ಲಿದ್ದದ್ದು ಜಿಟಿ-ಆರ್. 1989ರಲ್ಲಿ ಬಂದ ಆರ್32 ಮಾದರಿಯ ಜಿಟಿ-ಆರ್, ಜಪಾನಿನ ಗ್ರೂಪ್ ಎ ಟೂರಿಂಗ್ ಕಾರ್ ಪಂದ್ಯಾವಳಿಯಲ್ಲಿ 1990ರಿಂದ 1993ರವರೆಗೆ ನಡೆದ 29 ರೇಸುಗಳಲ್ಲಿ 29ನ್ನೂ ಗೆದ್ದ ಕಾರು. 1995ರಲ್ಲಿ ಆರ್33, 1999ರಲ್ಲಿ ಆರ್34 ಜಿಟಿ-ಆರ್‌ಗಳು ಬಂದವು.

ಸ್ಟೇಜಿಯಾದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,720 ಮಿಲಿಮೀಟರ್. ಆರ್33 ಸ್ಕೈಲೈನಿನದೂ ಅಷ್ಟೇ. ಚಕ್ರ ಕೂರಿಸುವ ಐದು ಬೋಲ್ಟುಗಳು ನಿಂತ ವೃತ್ತದ ವ್ಯಾಸವೂ ಎರಡರಲ್ಲೂ 114.3 ಮಿಲಿಮೀಟರ್. ಎಂಜಿನ್ ಆರು ಸಿಲಿಂಡರಿನ ಆರ್‌ಬಿ ಸರಣಿಯದೇ. ನಾಲ್ಕು ಚಕ್ರಕ್ಕೂ ಬಲ ಹಂಚುವ ಅಟೆಸಾ ಇ-ಟಿಎಸ್ ವ್ಯವಸ್ಥೆ ಸ್ಟೇಜಿಯಾದ ಹಲವು ಮಾದರಿಗಳಲ್ಲಿ ಇತ್ತು. ಡ್ಯಾಶ್‌ಬೋರ್ಡಿನ ಹಿಂದಿನ ಗೋಡೆಯಿಂದ ಮುಂದಕ್ಕೆ ನೋಡಿದರೆ ಇದು ವ್ಯಾಗನ್ನೋ ಸ್ಕೈಲೈನೋ ಎಂದು ಮೆಕ್ಯಾನಿಕ್ ಒಂದು ಗಳಿಗೆ ಯೋಚಿಸಬೇಕು. ಹಾಗಾಗಿ ಸ್ಕೈಲೈನಿನ ಭಾಗಗಳು ಇದಕ್ಕೆ ಹತ್ತಿರದ ನೆಂಟರು.

ಈ ನೆಂಟಸ್ತನವನ್ನು ಮೊದಲು ಬಳಸಿಕೊಂಡದ್ದು ನಿಸ್ಸಾನಿನದೇ ಅಂಗಸಂಸ್ಥೆ ಆಟೆಕ್. 1986ರಲ್ಲಿ ಶುರುವಾದ ಈ ಸಂಸ್ಥೆಯ ಮೊದಲ ಅಧ್ಯಕ್ಷ ಶಿನಿಚಿರೊ ಸಕುರಾಯಿ, ಸ್ಕೈಲೈನ್ ಕಾರುಗಳ ಜನಕರೆಂದು ಹೆಸರಾದವರು. 1997ರಲ್ಲಿ ಆಟೆಕ್ ಹೊರತಂದ ಸ್ಟೇಜಿಯಾ 260ಆರ್‌ಎಸ್, ಜಿಟಿ-ಆರ್‌ನ ಒಡಲನ್ನೇ ವ್ಯಾಗನ್ನಿನಲ್ಲಿ ತುಂಬಿದ ಕಾರು. ಅದರಲ್ಲಿ ಜಿಟಿ-ಆರ್‌ನ ಆರ್‌ಬಿ26ಡಿಇಟಿಟಿ ಎಂಜಿನ್, ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್, ಬ್ರೆಂಬೊ ಬ್ರೇಕ್, 17 ಇಂಚಿನ ಚಕ್ರ ಇದ್ದವು. ಆಟೋಮ್ಯಾಟಿಕ್ ಗೇರ್ ಇಟ್ಟಿರಲೇ ಇಲ್ಲ. ತಳಭಾಗಕ್ಕೆ ಬಿಗಿ ಕೊಡಲು ಹೆಚ್ಚುವರಿ ಪಟ್ಟಿಗಳನ್ನು ಸೇರಿಸಿದ್ದರು. ಇಷ್ಟಾದರೂ ಮುಖ ಮಾತ್ರ ಸ್ಟೇಜಿಯಾದ್ದೇ ಆಗಿತ್ತು. ಬಂಪರ್ ಒಂದಿಷ್ಟು ಬಿರುಸಾಗಿತ್ತು ಅಷ್ಟೆ. ಈ ಕಾರು ಸಿಗದವರು, ಕೊಳ್ಳಲಾಗದವರು ಸಾಮಾನ್ಯ ಸ್ಟೇಜಿಯಾ ಕೊಂಡು ಅದೇ ದಾರಿಯಲ್ಲಿ ಹೊರಟರು. ಆಟೆಕ್ ಮುಟ್ಟದೆ ಬಿಟ್ಟ ಮುಖವನ್ನೂ ಹಲವರು ಬದಲಾಯಿಸಿದರು. ಬಲಗಡೆ ಸ್ಟೀರಿಂಗ್ ಇದ್ದುದರಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ನುಗಳಿಗೂ ಸೆಕೆಂಡ್‌ಹ್ಯಾಂಡ್ ಸ್ಟೇಜಿಯಾಗಳು ಹೋದವು. ಅಲ್ಲಿಯೂ ಈ ಹವ್ಯಾಸ ಹಬ್ಬಿತು.

ಮುಖ ಬದಲಾಯಿಸುವ ಕೆಲಸ

ಸ್ಟೇಜಿಯಾಕ್ಕೆ ಆರ್34 ಸ್ಕೈಲೈನಿನ ಮುಖ ಕೂರಿಸುವುದು ಈ ಹವ್ಯಾಸದಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕೆಲಸ. ಬೇಕಾದ ಭಾಗಗಳ ಪಟ್ಟಿ ಚಿಕ್ಕದು: ಬಾನೆಟ್, ಎರಡು ಫೆಂಡರ್, ಎರಡು ಹೆಡ್‌ಲೈಟ್, ಗ್ರಿಲ್, ಬಂಪರ್, ಇವೆಲ್ಲ ಹಿಡಿದು ನಿಲ್ಲುವ ರೇಡಿಯೇಟರ್ ಚೌಕಟ್ಟು. ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕಿದರಾಯಿತು ಎಂದು ತೋರುತ್ತದೆ. ತೊಡಕು ಬರುವುದು ಅಂಚುಗಳಲ್ಲಿ.

ಫೆಂಡರಿನ ಹಿಂದಿನ ಅಂಚು ಮುಂಬಾಗಿಲಿನ ಅಂಚಿಗೆ ಎಲ್ಲ ಕಡೆಯೂ ಒಂದೇ ಸಂದು ಬಿಟ್ಟು ಕೂರಬೇಕು. ಸ್ಕೈಲೈನಿನ ಫೆಂಡರ್ ರೂಪಿಸಿರುವುದು ಸ್ಕೈಲೈನಿನ ಬಾಗಿಲಿಗೆ. ಸ್ಟೇಜಿಯಾದ ಬಾಗಿಲಿನ ಮೇಲೆ ಹಾದುಹೋಗುವ ಗೆರೆ ಬೇರೆ ಎತ್ತರದಲ್ಲಿದೆ. ಹಾಗೇ ಕೂರಿಸಿದರೆ ಫೆಂಡರಿನ ಗೆರೆ ಬಾಗಿಲಿನ ಬಳಿ ಬಂದು ಮುರಿದಂತೆ ಕಾಣುತ್ತದೆ. ಆಗ ಟಿಂಕರಿಂಗ್ ಕೆಲಸದವರು ಫೆಂಡರಿನ ಹಿಂದಿನ ಭಾಗವನ್ನು ಕತ್ತರಿಸಿ, ಸ್ಟೇಜಿಯಾದ ಹಳೆಯ ಫೆಂಡರಿನ ಅಂಚನ್ನು ತಂದು ಬೆಸೆದು, ತಟ್ಟಿ ತಟ್ಟಿ ಗೆರೆ ಕೂಡಿಸುತ್ತಾರೆ. ಬೆಸುಗೆಯ ಬಿಸಿಗೆ ತೆಳು ತಗಡು ಸೊಟ್ಟಗಾಗುವುದರಿಂದ ಒಂದೇ ಸಲ ಉದ್ದಕ್ಕೆ ಬೆಸೆಯುವಂತಿಲ್ಲ. ಚುಕ್ಕೆ ಚುಕ್ಕೆಯಾಗಿ ಬೆಸೆದು, ಆರಲು ಬಿಟ್ಟು, ಮತ್ತೆ ನಡುವಿನ ಜಾಗ ತುಂಬಬೇಕು. ಪುಟ್ಟಿ ತೆಳುವಾಗಿದ್ದರೆ ಕೆಲಸ ಬಾಳುತ್ತದೆ. ದಪ್ಪ ಮೆತ್ತಿ ತಪ್ಪು ಮುಚ್ಚಿದ್ದರೆ ಕೆಲವು ವರ್ಷಗಳಲ್ಲಿ ಬಿರುಕು ಬಿಟ್ಟು ಒಳಗಿನ ತುಕ್ಕು ಹೊರಗೆ ಕಾಣುತ್ತದೆ.

ಬಾನೆಟ್ಟಿನ ವಿಷಯವೂ ಹೀಗೇ. ಅದರ ಹಿಂದಿನ ಅಂಚು ಗಾಜಿನ ಕೆಳಗಿನ ಜಾಲರಿಗೆ, ಕೀಲುಗಳು ಮೈಯ ತೂತುಗಳಿಗೆ ಹೊಂದಬೇಕು. ಬೀಗ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ವೇಗದಲ್ಲಿ ಬಾನೆಟ್ ಎದ್ದರೆ ಚಾಲಕನಿಗೆ ರಸ್ತೆಯೇ ಕಾಣುವುದಿಲ್ಲ. ಜಿಟಿ-ಆರ್‌ನ ಬಾನೆಟ್ ಅಲ್ಯೂಮಿನಿಯಂ ಆದ್ದರಿಂದ ಹಗುರ; ಆದರೆ ಅದನ್ನು ಬೆಸೆಯುವ ವಿಧಾನ ಉಕ್ಕಿನದಲ್ಲ, ಎಲ್ಲ ಗ್ಯಾರೇಜುಗಳಿಗೂ ಅದು ಸಾಧ್ಯವಿಲ್ಲ. ದೀಪಗಳು ಕೂತ ಮೇಲೆ ಬೆಳಕು ಬೀಳುವ ಎತ್ತರವನ್ನು ಮತ್ತೆ ಹೊಂದಿಸಬೇಕು. ವ್ಯಾಗನ್ನಿನ ಹಿಂದೆ ಭಾರ ಹೇರಿದಾಗ ಮೂಗು ಮೇಲಕ್ಕೇಳುತ್ತದೆ, ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬೆಳಕು ತಗ್ಗಿಸುವ ಮೋಟಾರಿನ ವೈರಿಂಗನ್ನು ಹೊಸ ದೀಪಕ್ಕೂ ಜೋಡಿಸಿದರೆ ಮಾತ್ರ ಆ ತೊಂದರೆ ತಪ್ಪುತ್ತದೆ.

ಅಗಲದ ಲೆಕ್ಕವೂ ಇದೆ. ಸ್ಟೇಜಿಯಾ 1,755 ಮಿಲಿಮೀಟರ್ ಅಗಲ, ಆರ್34 ಜಿಟಿ-ಆರ್ 1,785. ಮುಂದೆ ಜಿಟಿ-ಆರ್‌ನ ಉಬ್ಬಿದ ಫೆಂಡರ್ ಹಾಕಿ ಹಿಂದೆ ಹಾಗೇ ಬಿಟ್ಟರೆ ಕಾರು ಮುಂದೆ ದಪ್ಪ, ಹಿಂದೆ ಬಡಕಲು. ಒಳ್ಳೆಯ ಕೆಲಸಗಾರರು ಹಿಂದಿನ ಚಕ್ರದ ಕಮಾನನ್ನೂ ಅಷ್ಟೇ ಉಬ್ಬಿಸುತ್ತಾರೆ. ಅಲ್ಲಿ ಹಿಂಬಾಗಿಲಿನ ಅಂಚು ಕಮಾನಿನೊಳಕ್ಕೇ ಬರುವುದರಿಂದ ಬಾಗಿಲನ್ನೂ ತಿದ್ದಬೇಕಾಗುತ್ತದೆ. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನಲ್ಲಿ ಇಲ್ಲದ ಈ ಕೆಲಸ ವ್ಯಾಗನ್ನಿನಲ್ಲಿ ತಪ್ಪಿದ್ದಲ್ಲ.

ಎಂಜಿನ್ ಮತ್ತು ಗೇರ್

ಆರ್‌ಬಿ26 ಎಂಜಿನ್ 2,568 ಸಿಸಿಯದು. ಆರು ಸಿಲಿಂಡರ್ ಸಾಲಾಗಿ ನಿಂತಿವೆ, 24 ವಾಲ್ವು, ಎರಡು ಟರ್ಬೊ. ಪ್ರತಿ ಸಿಲಿಂಡರಿಗೂ ಗಾಳಿ ಬಿಡುವ ಬೇರೆ ಬೇರೆ ಥ್ರಾಟಲ್. ಕಂಪನಿ ಕಾಗದದ ಮೇಲೆ ಹೇಳಿದ್ದು 280 ಅಶ್ವಶಕ್ತಿ. ಜಪಾನಿನ ಕಾರು ಕಂಪನಿಗಳೆಲ್ಲ 280ಕ್ಕಿಂತ ಹೆಚ್ಚು ಹೇಳಬಾರದೆಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದ ಕಾಲವದು. 2004ರವರೆಗೂ ಅದು ನಡೆಯಿತು. ಸಾಮಾನ್ಯ ಸ್ಟೇಜಿಯಾದ ಟರ್ಬೊ ಮಾದರಿಗಳಲ್ಲಿದ್ದದ್ದು ಒಂದೇ ಟರ್ಬೊ ಇರುವ 2,498 ಸಿಸಿಯ ಆರ್‌ಬಿ25 ಎಂಜಿನ್. ಹೆಚ್ಚಿನವರು ಅದನ್ನೇ ಇಟ್ಟುಕೊಂಡು ಬಲ ಹೆಚ್ಚಿಸುತ್ತಾರೆ, ಖರ್ಚು ಕಡಿಮೆ.

ಆರ್‌ಬಿ26 ತಂದು ಕೂರಿಸುವವರಿಗೆ ಎದುರಾಗುವ ಮೊದಲ ಪ್ರಶ್ನೆ ಎಂಜಿನ್ ತಳದ ಆಯಿಲ್ ಸಂಪಿನದು. ಅಟೆಸಾ ವ್ಯವಸ್ಥೆಯಲ್ಲಿ ಮುಂದಿನ ಚಕ್ರಗಳ ಡಿಫರೆನ್ಷಿಯಲ್ ಆ ಸಂಪಿಗೇ ಅಂಟಿಕೊಂಡಿರುತ್ತದೆ. ಮುಂದಿನ ಚಕ್ರ ತಿರುಗಿಸುವ ಶಾಫ್ಟ್ ಸಂಪಿನ ನಡುವೆ ಅಡ್ಡಲಾಗಿ ಹಾದುಹೋಗುತ್ತದೆ. ಜಿಟಿ-ಆರ್ ಯಾವಾಗಲೂ ನಾಲ್ಕು ಚಕ್ರದ ಬಲದ ಕಾರು, ಆದ್ದರಿಂದ ಅದರ ಎಂಜಿನ್ ಇಂಥ ಸಂಪಿನೊಂದಿಗೇ ಬರುತ್ತದೆ. ನಾಲ್ಕು ಚಕ್ರದ ಬಲದ ಸ್ಟೇಜಿಯಾಕ್ಕೆ ಅದು ಸರಿಹೊಂದುತ್ತದೆ. ಹಿಂದಿನ ಚಕ್ರದ ಬಲದ ಸ್ಟೇಜಿಯಾಕ್ಕಾದರೆ ಸಂಪ್ ಬದಲಾಯಿಸದೆ ಎಂಜಿನ್ ಕೂರುವುದಿಲ್ಲ. ಒಂದೇ ಬಳಗದೊಳಗೂ ಯಾವ ಕವಲಿನ ಕಾರು ಎಂಬುದು ಹೀಗೆ ಮುಖ್ಯವಾಗುತ್ತದೆ.

ಎರಡನೆಯದು ಗೇರ್. ಸ್ಟೇಜಿಯಾಗಳಲ್ಲಿ ಬಹುಪಾಲು ಆಟೋಮ್ಯಾಟಿಕ್. ಮ್ಯಾನುಯಲ್‌ಗೆ ಬದಲಾಯಿಸುವುದೆಂದರೆ ಗೇರ್‌ಬಾಕ್ಸ್ ಒಂದನ್ನೇ ತರುವುದಲ್ಲ: ಕ್ಲಚ್ ಪೆಡಲ್, ಅದರ ಹೈಡ್ರಾಲಿಕ್ ಕೊಳವೆ, ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ, ಸರಿಯಾದ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಮ್ಯಾನುಯಲ್ ಗೇರನ್ನು ಗುರುತಿಸುವ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲವೂ ಬೇಕು. ನಾಲ್ಕು ಚಕ್ರದ ಬಲದ ಕಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗಳ ಅನುಪಾತ ಒಂದೇ ಇರಬೇಕು. ಆರ್33 ಜಿಟಿ-ಆರ್‌ನಲ್ಲಿ ಅದು 4.111, ಆರು ಗೇರಿನ ಆರ್34 ಜಿಟಿ-ಆರ್‌ನಲ್ಲಿ 3.545. ಒಂದು ಕಾರಿನ ಎಂಜಿನ್ ಸಂಪು, ಇನ್ನೊಂದು ಕಾರಿನ ಹಿಂದಿನ ಆಕ್ಸಲ್ ತಂದು ಸೇರಿಸಿದರೆ ಮುಂದಿನ ಚಕ್ರ ಒಂದು ವೇಗದಲ್ಲಿ, ಹಿಂದಿನದು ಇನ್ನೊಂದು ವೇಗದಲ್ಲಿ ತಿರುಗಲು ಎಳೆದಾಡುತ್ತವೆ. ನಡುವೆ ಬಲ ಹಂಚುವ ಕ್ಲಚ್ ತಟ್ಟೆಗಳು ಬಿಸಿಯೇರಿ ಸುಟ್ಟುಹೋಗುತ್ತವೆ.

ಎಂಜಿನ್ನಿನ ಬಲ ಹೆಚ್ಚಿಸುವುದಕ್ಕೂ ಒಂದು ಕ್ರಮವಿದೆ. ಟರ್ಬೊ ಒತ್ತಡ ಏರಿಸಿದರೆ ಸಿಲಿಂಡರಿಗೆ ಹೆಚ್ಚು ಗಾಳಿ ಹೋಗುತ್ತದೆ. ಅಷ್ಟು ಗಾಳಿಗೆ ತಕ್ಕ ಪೆಟ್ರೋಲ್ ಸಿಗದಿದ್ದರೆ ಒಳಗೆ ಬಿಸಿ ಮಿತಿಮೀರಿ ಪಿಸ್ಟನ್ ಕರಗುತ್ತದೆ. ಹಾಗಾಗಿ ಮೊದಲು ಪೆಟ್ರೋಲ್ ಪಂಪು, ಇಂಜೆಕ್ಟರು, ಇಂಟರ್‌ಕೂಲರು. ಆಮೇಲೆ ಇಸಿಯು ಹೊಂದಿಸುವುದು. ಕೊನೆಗೆ ಒತ್ತಡ ಏರಿಸುವುದು. ಈ ಎಂಜಿನ್ನುಗಳ ಮೂಲ ಟರ್ಬೊಗಳ ಒಳಚಕ್ರ ಸೆರಾಮಿಕ್‌ನದು. ಹಗುರವಾದ್ದರಿಂದ ಪಿಕಪ್ ಚುರುಕು, ಆದರೆ ಒತ್ತಡ ಅತಿಯಾದರೆ ಒಡೆದು ಚೂರಾಗುತ್ತದೆ. ಹೆಚ್ಚು ಬಲ ಬೇಕೆನ್ನುವವರು ಮೊದಲೇ ಉಕ್ಕಿನ ಒಳಚಕ್ರದ ಟರ್ಬೊ ಹಾಕುತ್ತಾರೆ.

ನಿಲ್ಲುವುದು, ತಿರುಗುವುದು

ಚಲಿಸುವ ಕಾರಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿಲೋಮೀಟರಿನ ಬದಲು 140ರಲ್ಲಿ ಹೋಗುವ ಕಾರನ್ನು ನಿಲ್ಲಿಸಲು ಬ್ರೇಕು ಸುಮಾರು ಎರಡರಷ್ಟು ಶಾಖವನ್ನು ನುಂಗಬೇಕು. ಆರ್33 ಜಿಟಿ-ಆರ್ ಸುಮಾರು 1,540 ಕಿಲೋ ತೂಗಿದರೆ 260ಆರ್‌ಎಸ್ ಸುಮಾರು 1,700 ಕಿಲೋ. ಅದರ ಮೇಲೆ ಐವರು ಮತ್ತು ಸಾಮಾನು ಸೇರಿದರೆ 2,000 ಕಿಲೋ ದಾಟುತ್ತದೆ. ಸ್ಪೋರ್ಟ್ಸ್ ಕಾರಿನ ಬ್ರೇಕು ವ್ಯಾಗನ್ನಿಗೆ ಶೋಕಿಯಲ್ಲ, ಅಗತ್ಯ. ಜಿಟಿ-ಆರ್‌ನ ಬ್ರೆಂಬೊ ಬ್ರೇಕಿನಲ್ಲಿ ಮುಂದೆ 324 ಮಿಲಿಮೀಟರ್ ಡಿಸ್ಕಿಗೆ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಹಿಂದೆ 300 ಮಿಲಿಮೀಟರ್ ಡಿಸ್ಕಿಗೆ ಎರಡು ಪಿಸ್ಟನ್ನಿನದು. ಇವು ಒಳಗೆ ಹಿಡಿಯಲು ಚಕ್ರ ಕನಿಷ್ಠ 17 ಇಂಚಿನದಾಗಬೇಕು. ಪೆಡಲ್ ಹಿಂದಿನ ಮಾಸ್ಟರ್ ಸಿಲಿಂಡರನ್ನೂ ಕ್ಯಾಲಿಪರಿಗೆ ತಕ್ಕಂತೆ ಬದಲಾಯಿಸದಿದ್ದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಹಿಡಿತ ತಡವಾಗುತ್ತದೆ.

ಸಸ್ಪೆನ್ಷನ್ನಿನಲ್ಲಿ ವ್ಯಾಗನ್ ತನ್ನ ಸ್ವಭಾವ ತೋರಿಸುತ್ತದೆ. ಸ್ಪೋರ್ಟ್ಸ್ ಕಾರಿನ ಹಿಂಬದಿ ಹೊರುವ ಭಾರ ಹೆಚ್ಚುಕಡಿಮೆ ಒಂದೇ ಇರುತ್ತದೆ. ವ್ಯಾಗನ್ನಿನ ಹಿಂಬದಿ ಒಂದು ದಿನ ಖಾಲಿ, ಇನ್ನೊಂದು ದಿನ ಹಲವು ಕ್ವಿಂಟಲ್. ಸ್ಕೈಲೈನಿಗೆಂದು ಮಾಡಿದ ಗಿಡ್ಡ ಸ್ಪ್ರಿಂಗ್ ಹಾಕಿದರೆ ಖಾಲಿ ಇರುವಾಗ ಕಾರು ಅಂದವಾಗಿ ನೆಲಕ್ಕೆ ಕುಳಿತಂತೆ ಕಾಣುತ್ತದೆ. ಭಾರ ಹೇರಿದೊಡನೆ ಹಿಂಬದಿ ಇನ್ನೂ ಇಳಿದು, ಗುಂಡಿ ಸಿಕ್ಕಾಗ ಶಾಕ್ ಅಬ್ಸಾರ್ಬರ್ ತಳ ಮುಟ್ಟುತ್ತದೆ. ತಿರುವಿನಲ್ಲಿ ಹೀಗಾದರೆ ಹಿಂದಿನ ಚಕ್ರ ಹಿಡಿತ ಬಿಟ್ಟು ಬಾಲ ಹೊರಕ್ಕೆ ಜಾರುತ್ತದೆ. ಅದಕ್ಕೇ ಬಲ್ಲವರು ವ್ಯಾಗನ್ನಿಗೆಂದೇ ಮಾಡಿದ, ಹಿಂದಿನ ಸ್ಪ್ರಿಂಗ್ ಗಡುಸಾಗಿರುವ ಜೋಡಣೆಯನ್ನು ಹುಡುಕುತ್ತಾರೆ, ಮತ್ತು ಎತ್ತರವನ್ನು ಭಾರ ಹೇರಿ ನೋಡಿ ನಿಗದಿಮಾಡುತ್ತಾರೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ದುಬಾರಿ ಟೈರು ಒಳ ಅಂಚಿನಲ್ಲಿ ಬೇಗ ಸವೆಯುತ್ತದೆ.

ಮೈಯ ಬಿಗಿಯೂ ಇದೇ ಲೆಕ್ಕಕ್ಕೆ ಸೇರಿದ್ದು. ಸೆಡಾನಿನಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಒಂದು ತಗಡಿನ ಗೋಡೆ, ಅದರ ಮೇಲೊಂದು ಹಲಗೆ ಇದ್ದು ಕಾರು ತಿರುಚದಂತೆ ಹಿಡಿಯುತ್ತವೆ. ವ್ಯಾಗನ್ನಿನಲ್ಲಿ ಅವೆರಡೂ ಇಲ್ಲ. ಹಿಂದೆ ದೊಡ್ಡ ಬಾಗಿಲಿನ ತೆರಪು ಬೇರೆ. ಗಡುಸು ಸ್ಪ್ರಿಂಗ್ ಹಾಕಿದಾಗ ರಸ್ತೆಯ ಹೊಡೆತವೆಲ್ಲ ಮೈಗೇ ಬಂದು, ಹಿಂಬಾಗಿಲಿನ ರಬ್ಬರ್ ಕಿರುಗುಡುವುದರಿಂದ ಹಿಡಿದು ಚಾವಣಿಯ ಬೆಸುಗೆ ಬಿರಿಯುವವರೆಗೆ ತೊಂದರೆಗಳಾಗಬಹುದು. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿಗಳ ನಡುವೆ ಅಡ್ಡಕಂಬಿ ಹಾಕುವುದು ಸುಲಭದ ಉಪಾಯ, ಆದರೆ ಅದು ಸಾಮಾನಿನ ಜಾಗಕ್ಕೇ ಅಡ್ಡ ಬರುತ್ತದೆ. ಆಟೆಕ್ ತಳದ ಕೆಳಗೆ ಪಟ್ಟಿ ಕಟ್ಟಿದ್ದು ಈ ಕಾರಣಕ್ಕೆ: ಬಿಗಿ ಬಂತು, ಡಿಕ್ಕಿಯ ಜಾಗ ಒಂದಿಂಚೂ ಹೋಗಲಿಲ್ಲ.

ಗಾಳಿಯ ಹರಿವಿನಲ್ಲೂ ಸ್ಪೋರ್ಟ್ಸ್ ಕಾರಿನ ಭಾಗ ವ್ಯಾಗನ್ನಿಗೆ ನೇರವಾಗಿ ಹೊಂದುವುದಿಲ್ಲ. ವ್ಯಾಗನ್ನಿನ ಚಾವಣಿ ಮುಗಿಯುವಲ್ಲಿ ಗಾಳಿ ಥಟ್ಟನೆ ಬಿಡಿಸಿಕೊಂಡು ಹಿಂದೆ ಸುಳಿಯೇಳುತ್ತದೆ. ಹಿಂದಿನ ಗಾಜಿಗೆ ಧೂಳು, ಕೆಸರು ಮೆತ್ತಿಕೊಳ್ಳುವುದು, ಅದಕ್ಕೆ ವೈಪರ್ ಇರುವುದು ಇದರಿಂದಲೇ. ಸ್ಕೈಲೈನಿನ ಎತ್ತರದ ರೆಕ್ಕೆಯನ್ನು ಅಲ್ಲಿಗೆ ತಂದಿಟ್ಟರೆ ಪ್ರಯೋಜನ ಅಷ್ಟಕ್ಕಷ್ಟೆ. ಚಾವಣಿಯ ಅಂಚನ್ನೇ ಒಂದಿಷ್ಟು ಹಿಂದಕ್ಕೆ ಚಾಚುವ ಸಣ್ಣ ಸ್ಪಾಯ್ಲರ್ ವ್ಯಾಗನ್ನಿಗೆ ತಕ್ಕದ್ದು.

ಒಳಗಿನ ಬದಲಾವಣೆ ಇವುಗಳ ಮುಂದೆ ಹಗುರ. ಸ್ಪೋರ್ಟ್ಸ್ ಕಾರಿನ ಮುಂದಿನ ಸೀಟು, ಸ್ಟೀರಿಂಗ್, ಮೀಟರುಗಳು ಒಂದೇ ಬಳಗದ್ದಾದರೆ ಹೆಚ್ಚು ಕಷ್ಟವಿಲ್ಲದೆ ಬರುತ್ತವೆ. ಏರ್‌ಬ್ಯಾಗ್ ಇರುವ ಸ್ಟೀರಿಂಗನ್ನು ತೆಗೆದು ಇಲ್ಲದ್ದನ್ನು ಹಾಕಿದರೆ ಮಾತ್ರ ಸುರಕ್ಷತೆಯನ್ನು ಕಳೆದುಕೊಂಡಂತೆ. ಹಿಂದಿನ ಸೀಟು ಕಿತ್ತು ಕಬ್ಬಿಣದ ಪಂಜರ ಕಟ್ಟುವವರೂ ಇದ್ದಾರೆ. ರೇಸ್ ಟ್ರ್ಯಾಕಿಗೆ ಅದು ಸರಿ, ಆದರೆ ಆ ಕಾರು ಆಮೇಲೆ ಐದು ಜನರನ್ನೂ ಹೊರುವುದಿಲ್ಲ, ಸಾಮಾನನ್ನೂ ಹೊರುವುದಿಲ್ಲ. ವ್ಯಾಗನ್ ಎಂಬುದಕ್ಕೆ ಉಳಿದಿರುವುದು ಹೆಸರು.

ಕಾನೂನು, ಮತ್ತು ಭಾರತದ ಸ್ಥಿತಿ

ಜಪಾನಿನಲ್ಲಿ ಕಾರುಗಳು ನಿಗದಿತ ಅವಧಿಗೊಮ್ಮೆ ‘ಶಾಕೆನ್’ ಎಂಬ ತಪಾಸಣೆಗೆ ಹೋಗಬೇಕು. ನೆಲದಿಂದ ಕಾರಿನ ತಳಕ್ಕೆ ಕನಿಷ್ಠ 9 ಸೆಂಟಿಮೀಟರ್ ಅಂತರವಿರಬೇಕು. ಮೈಗೆ ಬೆಸೆದ ಭಾಗಗಳಿಂದ ಅಗಲ 2 ಸೆಂಟಿಮೀಟರಿಗಿಂತ ಹೆಚ್ಚು ಬದಲಾದರೆ ಕಾರಿನ ದಾಖಲೆಯನ್ನೇ ತಿದ್ದಿಸಬೇಕು. ಜಿಟಿ-ಆರ್ ಫೆಂಡರಿನಿಂದ 3 ಸೆಂಟಿಮೀಟರ್ ಅಗಲವಾದ ಸ್ಟೇಜಿಯಾ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಎಂಜಿನ್ ಮಾದರಿ ಬದಲಾದರೂ ಕಾಗದಪತ್ರ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಜರ್ಮನಿಯಲ್ಲಿ ಹಾಕಿದ ಭಾಗಕ್ಕೆ ಮೊದಲೇ ಮಾನ್ಯತೆ ಇರಬೇಕು, ಇಲ್ಲವಾದರೆ ಇಡೀ ಕಾರನ್ನು ತಜ್ಞರ ಮುಂದೆ ಒಯ್ದು ಪರೀಕ್ಷೆ ಮಾಡಿಸಬೇಕು. ಎರಡೂ ದೇಶಗಳಲ್ಲಿ ಬದಲಾವಣೆಗೆ ದಾರಿ ಇದೆ, ತಪಾಸಣೆ ತಪ್ಪದು.

ಭಾರತದಲ್ಲಿ ವ್ಯಾಗನ್‌ಗಳು ಬಂದವು, ನೆಲೆಯೂರಲಿಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ 1990ರ ದಶಕದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೊ ಕಾರುಗಳನ್ನು ಬಿಡಿಭಾಗ ತರಿಸಿ ಜೋಡಿಸಿತು. ಅದರಲ್ಲಿ ಎಸ್ಟೇಟ್ ಮಾದರಿಯೂ ಇತ್ತು. ಮಾರುತಿಯ ಬಲೆನೊ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕಾಂಬಿ, ಟಾಟಾ ಇಂಡಿಗೊ ಮರೀನಾ ಆಮೇಲೆ ಬಂದು ಹೋದವು. ಕಾರ್ಖಾನೆಯಲ್ಲೇ ಸ್ಪೋರ್ಟ್ಸ್ ಕಾರಾಗಿ ತಯಾರಾದ ವ್ಯಾಗನ್ ಎಂದರೆ 2015ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಔಡಿ ಆರ್‌ಎಸ್6 ಅವಾಂಟ್: ಎಂಟು ಸಿಲಿಂಡರಿನ ನಾಲ್ಕು ಲೀಟರ್ ಎಂಜಿನ್, 560 ಅಶ್ವಶಕ್ತಿ, ಬೆಲೆ ಕೋಟಿ ರೂಪಾಯಿ ಮೇಲೆ. ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್‌ಹ್ಯಾಂಡ್ ಕಾರುಗಳ ಆಮದಿಗೆ ಸಾಮಾನ್ಯವಾಗಿ ಅವಕಾಶವಿಲ್ಲದ್ದರಿಂದ ಸ್ಟೇಜಿಯಾದಂಥವು ಇಲ್ಲಿಯ ರಸ್ತೆಗೆ ಬರುವಂತಿಲ್ಲ.

ಇರುವ ಕಾರನ್ನೇ ಮಾರ್ಪಡಿಸುವ ದಾರಿಯೂ ಇಕ್ಕಟ್ಟಿನದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಂಜಿನ್ ಬದಲಾಯಿಸುವುದಾದರೆ ಅದೇ ತಯಾರಕರ, ಅದೇ ಬಗೆಯ ಎಂಜಿನ್ನಿಗೆ ಆರ್‌ಟಿಓ ಒಪ್ಪಿಗೆ ಪಡೆದು ಬದಲಾಯಿಸಬಹುದು. ಬೇರೆ ಕಾರಿನ ಮುಖ ಬೆಸೆದು, ಚಕ್ರದ ಕಮಾನು ಉಬ್ಬಿಸಿ, ಹೆಚ್ಚು ಬಲದ ಎಂಜಿನ್ ಕೂರಿಸಿದ ವ್ಯಾಗನ್ನಿಗೆ ರಸ್ತೆಯಲ್ಲಿ ಅವಕಾಶವಿಲ್ಲ. ಅಪಘಾತವಾದರೆ ವಿಮಾ ಕಂಪನಿ ಹಣ ನಿರಾಕರಿಸಲೂಬಹುದು. ಅಂಥ ಕಾರು ಕಟ್ಟುವ ಆಸೆ ಇರುವವರಿಗೆ ಇಲ್ಲಿ ಉಳಿದಿರುವುದು ಖಾಸಗಿ ರೇಸ್ ಟ್ರ್ಯಾಕು. ರಸ್ತೆಯ ಕಾರಿಗೆ ತಯಾರಕರೇ ಒಪ್ಪಿದ ಅಳತೆಯ ಒಳ್ಳೆಯ ಟೈರು, ಉತ್ತಮ ಬ್ರೇಕ್ ಪ್ಯಾಡು, ಸರಿಯಾದ ಅಲೈನ್‌ಮೆಂಟ್ ಇಷ್ಟನ್ನು ಮಾಡಿಸಿಕೊಳ್ಳಬಹುದು.